ಹೊಸಿಲಿನಡಿಯ ರೂಪಾಯಿ

ವೆಂಕಟಗಿರಿಗೆ ಕೋಪ ಬರಲು ಕಾರಣವೇ ಬೇಕಾಗಿರಲಿಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು, ಹರಿದ ನೋಟು ತಂದವರನ್ನೆಲ್ಲ ಗದರಿಸಿ ಅಭ್ಯಾಸವಾಗಿಹೋಗಿತ್ತು. ನಿವೃತ್ತಿಯಾದ ಮೇಲೆ ಗದರಿಸಲು ಉಳಿದವಳು ಹೆಂಡತಿ ರಾಗಿಣಿ ಒಬ್ಬಳೇ (ಅವಳು ತಿರುಗಿ ಗದರಿಸುತ್ತಿದ್ದಳು, ಅದು ಬೇರೆ ಮಾತು). ಆದರೆ ಆ ಬುಧವಾರದ ಕೋಪಕ್ಕೆ ನ್ಯಾಯವಾದ ಕಾರಣವಿತ್ತು. ಎದುರುಮನೆಯ ಯಶ್ವಂತ್ ತನ್ನ ತಾತನ ಕಾಲದ ಒಂದು ಬೆಳ್ಳಿ ರೂಪಾಯಿಯನ್ನು ಅರವತ್ತೆಂಟು ಸಾವಿರಕ್ಕೆ ಮಾರಿ ಬಂದಿದ್ದ. ಮಾರಿದ್ದು ಸಾಲದೆಂದು ಬಸವೇಶ್ವರನಗರದ ಪಾರ್ಕಿನಲ್ಲಿ ವಾಕಿಂಗ್ ಬರುವವರಿಗೆಲ್ಲ ರಸೀದಿಯ ಫೋಟೋ ಹಂಚುತ್ತಿದ್ದ. ವೆಂಕಟಗಿರಿಯ ಫೋನಿಗೂ ಒಂದು ಪ್ರತಿ ಬಂದಿತ್ತು.

"ಲಕ್ಷಗಟ್ಟಲೆ ನಾಣ್ಯ ಈ ಕೈಯಲ್ಲಿ ಓಡಾಡಿದೆ ಕಣೇ. ಒಂದನ್ನಾದ್ರೂ ತಿರುಗಿಸಿ ಇಸವಿ ನೋಡಿದೀನಾ? ಚಿಲ್ಲರೆ ಎಣಿಸೋಕೆ ಬರದ ಆ ಯಶ್ವಂತಂಗೆ ಅರವತ್ತೆಂಟು ಸಾವಿರ."

"ಅವರಿಗೆ ಬಂದ್ರೆ ನಿಮಗ್ಯಾಕ್ರೀ ಹೊಟ್ಟೆಯುರಿ? ಕಾಫಿ ಆರ್ತಾ ಇದೆ, ಕುಡೀರಿ."

ಕಾಫಿ ಕುಡಿಯದೆ ವೆಂಕಟಗಿರಿ ನೇರವಾಗಿ ರಾಜಾಜಿನಗರದಲ್ಲಿ ಹಳೇ ನಾಣ್ಯ ಕೊಳ್ಳುವ ಅಮರೇಶನ ಅಂಗಡಿಗೆ ಹೋದ. ಅಮರೇಶ ತಾಳ್ಮೆಯ ಮನುಷ್ಯ. "ಮಾರ್ಕೆಟ್ ಮೊದಲಿನ ಥರ ಇಲ್ಲ ಸಾರ್. ಸಾಮಾನ್ಯ ನಾಣ್ಯ ಬೆಳ್ಳಿ ತೂಕಕ್ಕೆ ಹೋಗುತ್ತೆ. ಅಪರೂಪದ ಇಸವೀದು, ಸವೆದಿಲ್ಲ ಅಂದ್ರೆ ಮಾತ್ರ ಇನ್ವೆಸ್ಟ್‌ಮೆಂಟ್ ಮಾಡೋರು ಕೇಳಿದಷ್ಟು ಕೊಡ್ತಾರೆ. ಯೂಟ್ಯೂಬ್ ನೋಡಿಕೊಂಡು ದಿನಕ್ಕೆ ಇಪ್ಪತ್ತು ಜನ ಐದು ರೂಪಾಯಿ ತಂದು ಐದು ಲಕ್ಷ ಕೇಳ್ತಾರೆ, ಅವರಿಗೆ ಟೀ ಕೊಟ್ಟು ಕಳಿಸ್ತೀನಿ. ಇನ್ನೊಂದು ಮುಖ್ಯ ವಿಷಯ ಏನಪ್ಪಾ ಅಂದ್ರೆ..."

ಮುಖ್ಯ ವಿಷಯ ಕೇಳಲು ವೆಂಕಟಗಿರಿ ಅಲ್ಲಿರಲಿಲ್ಲ. ಅವನಿಗೆ ನೆನಪಾಗಿಬಿಟ್ಟಿತ್ತು. ನಲವತ್ತು ವರ್ಷದ ಹಿಂದೆ ತಮ್ಮ ಮನೆ ಕಟ್ಟಿಸುವಾಗ, ಬಾಗಿಲಿನ ಪೂಜೆಯ ದಿನ, ಹೊಸಿಲಿನ ಕೆಳಗೆ ಇಡಲೆಂದು ಅಪ್ಪ ಅವನ ಕೈಗೇ ಒಂದು ಬೆಳ್ಳಿ ರೂಪಾಯಿ ಕೊಟ್ಟಿದ್ದರು. ಅದೇ ರಾಜನ ತಲೆ, ಅಂದು ಅಪ್ಪ ಓದಿ ಹೇಳಿದ ಇಸವಿಯೂ ಯಶ್ವಂತನ ರಸೀದಿಯಲ್ಲಿದ್ದದ್ದೇ. ನವರತ್ನದ ಚೂರುಗಳ ಜೊತೆ ತಾಮ್ರದ ಪುಟ್ಟ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದು ಸ್ವತಃ ತಾನೇ. ಅಂದಿನಿಂದ ಯಾರ ಕೈಯೂ ತಾಗಿಲ್ಲ.

"ಹೊಸಿಲು ಕೀಳಿಸ್ತೀರಾ?" ರಾಗಿಣಿಯ ಕೈಯಲ್ಲಿದ್ದ ಸೌಟು ನಿಂತಿತು. "ಮೂವತ್ತು ವರ್ಷ ಶುಕ್ರವಾರ ತಪ್ಪಿಸದೆ ಅರಿಶಿನ ಹಚ್ಚಿದೀನಿ. ಅದೂ ಈ ಆಷಾಢದಲ್ಲಿ?"

"ಹಾಕೋಕೆ ಕಣೇ ಮುಹೂರ್ತ ಬೇಕಾಗೋದು. ಕೀಳೋಕೆ ಯಾವ ಆಷಾಢ?" ಎಂದು ಅವನು ಅಬ್ಬರಿಸಿದ.

ಅಮ್ಮ ಅಂಜನಮ್ಮನವರು ಜಪಮಾಲೆ ಕೆಳಗಿಟ್ಟು, "ಬೇಡ ಕಣೋ ಗಿರಿ" ಎಂದರು. ಅವರಿಗೂ ಗದರಿಕೆಯೇ ಸಿಕ್ಕಿತು. ಮರುದಿನ ಬಡಗಿ ಸಿದ್ದಬಸಪ್ಪ ಬಂದು ಹೊಸಿಲು ನೋಡಿ ಕೈಮುಗಿದ. "ಸರ, ಹಾಕೂದು ನೂರು ಸಲ ಹಾಕೀನ್ರಿ. ಬದುಕಿರೋ ಮನೀದು ಕೀಳೂದು ಇದ ಮೊದಲು" ಎಂದು, ಎರಡು ಪಟ್ಟು ಕೂಲಿ ಮೊದಲೇ ಇಸಿದುಕೊಂಡು ಗರಗಸ ಎತ್ತಿದ. ಹೊಸಿಲು ಬಂತು. ಅದರ ಜೊತೆ ಬಾಗಿಲಿನ ಚೌಕಟ್ಟು ಎಡಕ್ಕೆ ವಾಲಿತು, ಬಾಗಿಲು ಮುಚ್ಚಲಾರದೆ ನಿಂತಿತು. ಸಿಮೆಂಟಿನ ಅಡಿಯಿಂದ ತಾಮ್ರದ ಡಬ್ಬಿಯೂ ಬಂತು. ಒಳಗೆ ರೂಪಾಯಿ ಇತ್ತು, ಕೆಂಡದ ಒಲೆಯಲ್ಲಿ ಮಲಗಿ ಎದ್ದ ಹಾಗೆ ಕಪ್ಪಗಾಗಿತ್ತು.

ಇಷ್ಟು ಕೊಳಕಾದದ್ದನ್ನು ಒಯ್ದರೆ ಅಂಗಡಿಯವನು ರೇಟು ಕಡಿಮೆ ಮಾಡುತ್ತಾನೆಂದು ವೆಂಕಟಗಿರಿಗೆ ಖಾತ್ರಿಯಾಗಿತ್ತು. ಬಚ್ಚಲಿಗೆ ಹೋಗಿ, ಹಳೇ ಬ್ರಷ್ಷಿಗೆ ಹೇರಳವಾಗಿ ಟೂತ್‌ಪೇಸ್ಟ್ ಹಾಕಿ, ಮನೆಯ ದೀಪಾಲೆ ಕಂಬ ಬೆಳಗುವ ಕ್ರಮದಲ್ಲೇ ಅರ್ಧ ಗಂಟೆ ತಿಕ್ಕಿದ.

"ಅಂಗಡಿಯವರನ್ನ ಒಂದು ಮಾತು ಕೇಳಿ ತಿಕ್ಕಬಾರದೇನ್ರೀ?" ಎಂದು ರಾಗಿಣಿ ಹೊರಗಿನಿಂದ ಕೂಗಿದಳು.

"ಬೆಳ್ಳಿ ತೊಳೆಯೋದನ್ನ ನನಗೆ ಹೇಳಿಕೊಡ್ತೀಯಾ?" ಎಂದು ಉತ್ತರ ಬಂತು.

ಅಮರೇಶ ಹೊಳೆಯುವ ರೂಪಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದ. ಆಮೇಲೆ ಮೂಗಿನ ಹತ್ತಿರ ಹಿಡಿದ. "ಸಾರ್, ಪುದೀನ ವಾಸನೆ ಬರ್ತಿದೆಯಲ್ಲ. ಯಾರು ತಿಕ್ಕಿದ್ದು?"

"ನಾನೇ. ಹೇಗಿದೆ?"

"ತಿಕ್ಕಬಾರದು ಅಂತ ಅವತ್ತು ಹೇಳೋಕೆ ಹೊರಟಿದ್ದೆ, ನೀವು ಎದ್ದು ಹೋದ್ರಿ. ಕಪ್ಪಗೇ ತಂದಿದ್ರೆ ತೊಂಬತ್ತು ಸಾವಿರಕ್ಕೆ ನಾನೇ ತಗೋತಿದ್ದೆ. ಈಗ ನೋಡಿ, ರಾಜನ ಕೆನ್ನೆ ತುಂಬ ಗೀರು. ಬೆಳ್ಳಿ ತೂಕಕ್ಕೆ ಎರಡು ಸಾವಿರ ಕೊಡಬಹುದು."

ಯಶ್ವಂತನ ರಸೀದಿ ತೋರಿಸಲು ಕೈಯಲ್ಲಿ ಹಿಡಿದಿದ್ದ ಫೋನನ್ನು ವೆಂಕಟಗಿರಿ ಮೇಜಿನ ಮೇಲೆ ರಪ್ಪನೆ ಬಡಿದ. ಅಮರೇಶನನ್ನು ಬೈದ, ನಾಣ್ಯ ಕೊಳ್ಳುವವರ ಕುಲವನ್ನೇ ಬೈದ, ರೂಪಾಯಿ ಕಿತ್ತುಕೊಂಡು ಹೊರಟುಬಂದ. ಮಳೆಯಲ್ಲಿ ಆಟೋ ಸಿಗದೆ ಮನೆಯವರೆಗೂ ನಡೆದ. ಕೋಪವೆಲ್ಲ ದಾರಿಯಲ್ಲಿ ಖರ್ಚಾಗಿ, ಮನೆ ಹತ್ತಿರವಾದಂತೆ ಭಯ ಶುರುವಾಯಿತು. ರಾಗಿಣಿಗೆ ಏನು ಹೇಳುವುದು?

ಹೊಸಿಲಿಲ್ಲದ ಬಾಗಿಲಲ್ಲಿ ಅಂಜನಮ್ಮನವರು ಕೋಲು ಹಿಡಿದು ಬೀದಿನಾಯಿ ಓಡಿಸುತ್ತ ಕೂತಿದ್ದರು. ಪಕ್ಕದಲ್ಲಿ ರಾಗಿಣಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ವೆಂಕಟಗಿರಿ ಗಂಟಲು ಸರಿಮಾಡಿಕೊಂಡ.

"ಅಂಗಡಿಯವನು ತೊಂಬತ್ತು ಸಾವಿರ ಎಣಿಸಿ ಮುಂದಿಟ್ಟ, ಅಮ್ಮಾ. ನನ್ನ ಕೈ ಬರಲಿಲ್ಲ. ಅಪ್ಪ ಮುಟ್ಟಿದ ರೂಪಾಯಿ, ಹೇಗೆ ಮಾರಲಿ? ಪಿತೃವಾಕ್ಯ, ವಂಶದ ಸಂಪತ್ತು, ಮನೆಯ ಲಕ್ಷ್ಮಿ, ಎಲ್ಲ ಕಣ್ಣ ಮುಂದೆ ಬಂತು. ದುಡ್ಡನ್ನ ಅವನ ಮುಖದ ಮೇಲೆ ಎಸೆದು ಬಂದೆ."

ಅಂಜನಮ್ಮನವರ ಕಣ್ಣು ತೇವವಾಯಿತು. ರಾಗಿಣಿ ಎಲ್ಲವನ್ನೂ ಕೊನೆಯವರೆಗೆ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. (ಮದುವೆಯಾದ ಮೇಲೆ ಇದೇ ಮೊದಲು. ಆಗಲೇ ಅವನಿಗೆ ಅನುಮಾನ ಬರಬೇಕಿತ್ತು.)

"ತುಂಬ ಚೆನ್ನಾಗಿ ಹೇಳಿದ್ರಿ. ನಿಮ್ಮ ಫೋನ್ ಎಲ್ಲಿ?" ಎಂದಳು.

ವೆಂಕಟಗಿರಿ ಜೇಬು ತಡವಿಕೊಂಡ.

"ಪುರೋಹಿತರು ಆಷಾಢ ಕಳೆಯೋವರೆಗೂ ಹೊಸಿಲು ಇಡೋಕಾಗಲ್ಲ ಅಂದ್ರು. ಅದನ್ನ ಹೇಳೋಣ ಅಂತ ನಿಮಗೆ ಫೋನ್ ಮಾಡಿದೆ. ಅಂಗಡಿಯ ಅಮರೇಶ್ ಎತ್ತಿದ್ರು. ಪಾಪ, ಒಳ್ಳೇ ಮನುಷ್ಯ. ಟೂತ್‌ಪೇಸ್ಟಿನಿಂದ ಹಿಡಿದು ಎಲ್ಲ ಬಿಡಿಸಿ ಹೇಳಿದ್ರು."

ಅಂಜನಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎದ್ದು, ಕೋಲನ್ನು ಮಗನ ಕೈಗೆ ಕೊಟ್ಟು, ಕುರ್ಚಿ ಬಿಟ್ಟುಕೊಟ್ಟು ಒಳಗೆ ಹೋದರು. ರಾಗಿಣಿಯೂ ಹಿಂದೆಯೇ ಹೋದಳು. ವೆಂಕಟಗಿರಿ ಕುರ್ಚಿಯಲ್ಲಿ ಕೂತ. ಯಾರನ್ನಾದರೂ ಬೈಯಬೇಕೆಂದು ಸುತ್ತ ನೋಡಿದರೆ ನಾಯಿಯೊಂದೇ ಇತ್ತು. ಫೋನ್ ತರಲು ಹೋಗೋಣವೆಂದರೆ ಇನ್ನು ಇಪ್ಪತ್ತಾರು ದಿನ ಬಾಗಿಲು ಕಾಯುವವರು ಬೇರೆ ಯಾರೂ ಇರಲಿಲ್ಲ.