ಯಜ್ಞೇಶ್ವರನ ಟ್ರಕ್ಕಿನ ಎಣ್ಣೆ

ಬೆಳಿಗ್ಗೆ ಹಾಲು ತರಲು ಹೊರಟ ಸುಲೋಚನಾಬಾಯಿ ಯಜ್ಞೇಶ್ವರನ ಟ್ರಕ್ಕಿನ ಪಕ್ಕ ಜಾರಿದರು. ಬೀಳಲಿಲ್ಲ. ಬಿದ್ದಿದ್ದರೆ ಆಸ್ಪತ್ರೆಗೆ ಹೋಗುತ್ತಿದ್ದರು. ಬೀಳದ ಕಾರಣ ನೇರವಾಗಿ ಯಜ್ಞೇಶ್ವರನ ಮನೆಗೇ ಬಂದರು.

"ಎಷ್ಟ ತಿಂಗಳಾತ್ರೀ ನಿಮ್ಮ ಗಾಡಿ ಎಣ್ಣಿ ಸೋರಾಕತ್ತಿ?" ಹುಬ್ಬಳ್ಳಿ ಕಡೆಯ ಆಕೆ ಡೊಂಬಿವಲಿಯ ಆ ವಸತಿ ಸೊಸೈಟಿಯ ಸೆಕ್ರೆಟರಿ. "ಸಂಜಿ ಐದರೊಳಗ ಸೋರೋದೂ ನಿಲ್ಲಬೇಕು, ಕಲೆನೂ ಹೋಗಬೇಕು. ಇಲ್ಲಂದ್ರ ಟ್ರಕ್ ಗೇಟಿನ ಹೊರಗ."

ಯಜ್ಞೇಶ್ವರನಿಗೆ ಮೈಯೆಲ್ಲ ಉರಿಯಿತು. ಅವನದು ಊಟದ ಕಾಂಟ್ರ್ಯಾಕ್ಟು. ಮರುದಿನ ಠಾಣೆ ನಗರದಲ್ಲಿ ಮುನ್ನೂರು ಜನರ ಮದುವೆ ಊಟ. ಅಡುಗೆ ಇದೇ ಕಟ್ಟಡದ ನೆಲಮಹಡಿಯಲ್ಲಿ. ಟ್ರಕ್ ಹೊರಗೆ ಹೋದರೆ ಸಾಂಬಾರಿನ ಕೊಪ್ಪರಿಗೆಯನ್ನು ತಲೆಯ ಮೇಲೆ ಹೊರಬೇಕೇ?

"ಟೆರೇಸಿನ ಟ್ಯಾಂಕಿ ಒಂದು ವರ್ಷದಿಂದ ಸೋರ್ತಾ ಉಂಟು. ಅದನ್ನು ಯಾರು ಗೇಟಿನ ಹೊರಗೆ ಹಾಕುವುದು?" ಎಂದು ಹೆಂಡತಿಯ ಮುಂದೆ ಗುಡುಗಿದ.

"ಅವರು ಇರುವಾಗಲೇ ಹೇಳಬಹುದಿತ್ತಲ್ಲ," ಎಂದಳು ವೇದಾವತಿ.

ಅವನು ಟ್ರಕ್ಕಿನಡಿ ನುಗ್ಗಿ ಮಲಗಿದ. ಹೊರಗೆ ಎರಡು ಜೊತೆ ಕಾಲುಗಳು ಬಂದು ನಿಂತವು. ಒಂದು ಜೊತೆ, ಮೊದಲ ಮಹಡಿಯ ನಿವೃತ್ತ ಬ್ಯಾಂಕ್ ಅಧಿಕಾರಿ ಶಂಭುರಾಯರದ್ದು.

"ಕೆಳಗಿನ ಬೋಲ್ಟ್ ಬಿಗಿ ಮಾಡು ಮಾರಾಯ, ಅಷ್ಟೇ."

ಇನ್ನೊಂದು ಜೊತೆ, ಎದುರು ಮನೆಯ ಮನೀಶನದ್ದು. ಅವನು ಮೊಬೈಲ್ ನೋಡಿಕೊಂಡೇ ಹೇಳಿದ: "ಅಂಕಲ್, ಕ್ರ್ಯಾಂಕ್ ಸೀಲ್ ಗಯಾ. ಗೇರ್‌ಬಾಕ್ಸ್ ಉತಾರ್‌ನಾ ಪಡೇಗಾ."

ಗೇರ್‌ಬಾಕ್ಸನ್ನೇ ಇಳಿಸಬೇಕಂತೆ! ಯಜ್ಞೇಶ್ವರ ಶಂಭುರಾಯರ ಮಾತನ್ನೇ ಹಿಡಿದು ಬೋಲ್ಟನ್ನು ಹಲ್ಲು ಕಚ್ಚಿ ತಿರುಗಿಸಿದ. ಮೇಲಿನಿಂದ ಒಂದು ಹನಿ ಸಾವಕಾಶವಾಗಿ ಇಳಿದು ಅವನ ಹಣೆಯ ಮಧ್ಯಕ್ಕೆ ಬಿತ್ತು.

ಅವನು ಟ್ರಕ್ಕನ್ನು ವಿಠ್ಠಲವಾಡಿಗೆ ಒಯ್ದ. ಅಲ್ಲಿನ ಮೆಕ್ಯಾನಿಕ್ ವಸಂತಕುಮಾರ ಅವನ ಆವೇಶವನ್ನೆಲ್ಲ ಚಹಾ ಕುಡಿಯುತ್ತಾ ಕೇಳಿಸಿಕೊಂಡ.

"ಎಣ್ಣೆ ಬೀಳುವ ಜಾಗ ನೋಡಿ ಬೋಲ್ಟ್ ತಿರುಗಿಸಿದ್ರಾ? ಅದು ಹೊರಡುವ ಜಾಗ ಬೇರೆ ಇರ್ತದೆ. ಒಂದು ಡಬ್ಬಿ ಪೌಡರ್ ತನ್ನಿ."

"ಯಾವ ಪೌಡರ್?"

"ಮುಖಕ್ಕೆ ಹಾಕುವುದು."

ಹಣೆಯಲ್ಲಿ ಎಣ್ಣೆಯ ಬೊಟ್ಟಿಟ್ಟುಕೊಂಡು ಮಲ್ಲಿಗೆ ಪರಿಮಳದ ಪೌಡರ್ ಕೇಳಿದ ಗಂಡಸನ್ನು ಅಂಗಡಿಯವಳು ಎರಡೆರಡು ಸಲ ನೋಡಿದಳು. ವಸಂತಕುಮಾರ ಎಂಜಿನ್ ತೊಳೆದು, ಒರೆಸಿ, ಪೌಡರನ್ನು ಧಾರಾಳವಾಗಿ ಉದುರಿಸಿದ. ಎಂಜಿನ್ನು ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳಲು ಕುಳಿತ ವೇಷಧಾರಿಯಂತೆ ಕಂಡಿತು. ಅರ್ಧ ಗಂಟೆ ಓಡಿಸಿದ ಮೇಲೆ ಆ ಬಿಳುಪಿನ ಮೇಲೆ ಕಪ್ಪು ಗೆರೆಯೊಂದು ಮೂಡಿತು. ಅದು ಎಂಜಿನ್ನಿನ ತೀರಾ ಮೇಲಿನ ಮುಚ್ಚಳದ ಹಿಂದಿನ ಮೂಲೆಯಿಂದ ಹೊರಟು ಬೆನ್ನಿನುದ್ದಕ್ಕೂ ಇಳಿದಿತ್ತು.

"ಮುಚ್ಚಳದ ಪ್ಯಾಕಿಂಗ್ ಸತ್ತಿದೆ," ಎಂದು ವಸಂತಕುಮಾರ ಕಲ್ಲಿನಂತಾಗಿದ್ದ ರಬ್ಬರನ್ನು ಎಳೆದು ಯಜ್ಞೇಶ್ವರನ ಕೈಗಿತ್ತ. ಅವನು ಅದನ್ನು ಸೀಟಿನಡಿ ಎಸೆದ. ಹೊಸದನ್ನು ಕೂರಿಸಲು ಮುಕ್ಕಾಲು ಗಂಟೆ ಸಾಕಾಯಿತು.

ನಾಲ್ಕಕ್ಕೆ ಯಜ್ಞೇಶ್ವರ ಮರಳಿ ಬಂದು, ಸತ್ತ ಪ್ಯಾಕಿಂಗಿನ ಕಥೆಯನ್ನು ಶಂಭುರಾಯರಿಗೆ ಹೇಳುತ್ತಾ ಟ್ರಕ್ಕಿನಡಿ ರಟ್ಟು ಹಾಸಿ, ಐದಕ್ಕೆ ಸುಲೋಚನಾಬಾಯಿಯನ್ನು ಕರೆತಂದ. ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ.

"ನೋಡಿ. ಬೇಕಾದರೆ ಮುಟ್ಟಿಯೂ ನೋಡಿ."

ಅವರು ಮುಟ್ಟಿಯೇ ನೋಡಿದರು. "ಕಲೆ?"

ಅವನು ಸಿಟ್ಟಿನಲ್ಲಿ ಟ್ರಕ್ ಹಿಂದೆ ಸರಿಸಿ, ಸೀಮೆಎಣ್ಣೆ, ಸೋಪು ಹಾಕಿ ತಿಕ್ಕಿದ. ಆ ಮೂಲೆ ಇಡೀ ಅಂಗಳದಲ್ಲಿ ಅತ್ಯಂತ ಚೊಕ್ಕಟವಾದ ಜಾಗವಾಯಿತು. ಗೆದ್ದ ಹುಮ್ಮಸ್ಸಿನಲ್ಲಿ ಬಾಳೆಲೆ ತರಲು ಟ್ರಕ್ಕಿನಲ್ಲೇ ಕಲ್ಯಾಣದ ಮಾರುಕಟ್ಟೆಗೆ ಹೋದ.

ಏಳೂವರೆಗೆ ಮರಳಿದರೆ ಅವನ ಜಾಗದಲ್ಲಿ ಬಿಳಿ ಕಾರೊಂದು ನಿಂತಿತ್ತು.

"ಯಾರದಿದು?" ಎಂದು ಅವನು ಕೂಗಿದ್ದಕ್ಕೆ ಸುಲೋಚನಾಬಾಯಿ ಬಾಲ್ಕನಿಗೆ ಬಂದರು.

"ನಮ್ಮದ ರೀ. ಅಂಗಳದಾಗ ಮೊದಲ ಬಂದವರಿಗೆ ಮೊದಲ ಜಾಗ. ಇಷ್ಟ ದಿನ ಅಲ್ಲಿ ಎಣ್ಣಿ ಅಂತ ಯಾರೂ ಗಾಡಿ ಹಚ್ಚತಿದ್ದಿಲ್ಲ. ಎಷ್ಟ ಛಂದ ತೊಳದೀರಿ."

"ಹಾಗಾದರೆ ನನ್ನ ಟ್ರಕ್ ಎಲ್ಲಿಡುವುದು?"

"ಗೇಟಿನ ಹೊರಗ ಭಾಳ ಜಾಗ ಐತಲ್ರೀ."

ಅವನು ಟ್ರಕ್ಕನ್ನು ಗೇಟಿನಾಚೆಗೆ ನಿಲ್ಲಿಸುವಾಗ ವಾಕಿಂಗಿಗೆ ಹೊರಟಿದ್ದ ಶಂಭುರಾಯರು ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ಆ ಹಳೇ ಪ್ಯಾಕಿಂಗ್ ಬಿಸಾಡಿದ್ಯಾ ಮಾರಾಯ?"

ಯಜ್ಞೇಶ್ವರ ಸೀಟಿನಡಿ ಕೈ ಹಾಕಿ ಹುಡುಕತೊಡಗಿದ.