ಅತ್ತೆಗೆ ಕೇಳುವಂಥ ಕಹಳೆ

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯ ಗುಮಾಸ್ತ ಸೊಣ್ಣಪ್ಪನಿಗೆ ಮನೆಯಲ್ಲಿದ್ದ ಸುಖ ಒಂದೇ: ಅತ್ತೆ ಅಮ್ಮಯಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಹೆಂಡತಿ ಅಶ್ವತ್ಥಮ್ಮ ಒಲೆಯ ಮುಂದಿರುವ ಹೊತ್ತು ನೋಡಿಕೊಂಡು ದಿನಾ ಅತ್ತೆಯೆದುರು ನಿಂತು, ಕೈ ಮುಗಿದು, ಮುಖದ ತುಂಬ ನಗು ತಂದುಕೊಂಡು, "ಮುದುಕಿ, ನೀನು ಬಂದು ಕೂತಾಗಿಂದ ನನ್ನ ತಟ್ಟೇಲಿ ಮುದ್ದೆ ನಿಂಬೆಹಣ್ಣಿನಷ್ಟಾಗೈತೆ. ಯಾವಾಗ ಹೊರಡ್ತೀಯೆ?" ಎನ್ನುತ್ತಿದ್ದ. ಅಳಿಯನ ವಿನಯಕ್ಕೆ ಕರಗಿ ಆಕೆ, "ನೂರು ವರ್ಷ ಬಾಳಪ್ಪ" ಎಂದು ಹರಸುತ್ತಿದ್ದಳು.

ಆ ವಿನಯಕ್ಕೆ ಮೆಚ್ಚಿಯೇ ರಾಜಘಟ್ಟದ ತನ್ನ ಹೊಲವನ್ನು ಅಳಿಯನ ಹೆಸರಿಗೆ ಬರೆಯುವ ಮನಸ್ಸು ಮಾಡಿದ್ದಳು. ಅವಳಿಗೆ ಒಂದೇ ಆಸೆ. "ಗ್ರಾಮಫೋನು ತಗೊಂಬಾರಪ್ಪ. ಸಾಯೋದ್ರೊಳಗೆ ಒಂದು ಹಾಡು ಕಿವಿಗೆ ಬೀಳ್ಲಿ. ಮಾರನೆ ದಿನಾನೇ ಕಾಗದ ಮಾಡ್ಸಾಣ."

ಭಾನುವಾರ ಬೆಳಿಗ್ಗೆ ಸೊಣ್ಣಪ್ಪ ಇದ್ದಬದ್ದ ದುಡ್ಡನ್ನೆಲ್ಲ ಕಟ್ಟಿಕೊಂಡು ಪೇಟೆಗೆ ಹೊರಟ. ಪಕ್ಕದ ಮನೆಯ ಪಿಳ್ಳಣ್ಣ ಕರೆಯದೆಯೇ ಚಪ್ಪಲಿ ಮೆಟ್ಟಿಕೊಂಡ. ಇನ್ನೊಬ್ಬರ ದುಡ್ಡಿನಲ್ಲಿ ವ್ಯಾಪಾರ ಮಾಡುವುದೆಂದರೆ ಅವನಿಗೆ ಹಬ್ಬ.

ಹಳೇ ಸಾಮಾನು ಮಾರುವ ಸಾಬರ ಅಂಗಡಿಯಲ್ಲಿ ಎರಡು ಗ್ರಾಮಫೋನುಗಳಿದ್ದವು. ಒಂದು ಪುಟ್ಟ ಪೆಟ್ಟಿಗೆ, ಕಹಳೆ ಅದರ ಹೊಟ್ಟೆಯೊಳಗೇ ಇತ್ತು. ದನಿ ಮೆಲ್ಲಗಾದರೂ ಇಂಪು, ಯಂತ್ರ ಹೊಸದು. ಇನ್ನೊಂದು ಹಳೆಯದು. ಅದರ ತಲೆಯ ಮೇಲೆ ಹಿತ್ತಾಳೆಯ ಕಹಳೆ ಕುಂಬಳದ ಹೂವಿನ ಹಾಗೆ ಅರಳಿಕೊಂಡಿತ್ತು. ಬೆಲೆ ಎರಡಕ್ಕೂ ಒಂದೇ.

"ಚಿಕ್ಕದೇ ಕೊಡಿ ಸಾಬ್ರೇ. ಅತ್ತೆ ಕಿವಿ ಹತ್ರ ಇಟ್ರಾಯ್ತು" ಎಂದ ಸೊಣ್ಣಪ್ಪ.

"ತಡಿ ಗುರು" ಎಂದು ಪಿಳ್ಳಣ್ಣ ಅಡ್ಡ ಬಂದ. "ನಾನು ಆ ಅರಳೀಮರದ ಹತ್ರ ನಿಲ್ತೀನಿ. ಹಾಡು ಕೇಳಿಸಿದ್ರೆ ಟವಲ್ಲು ಎತ್ತುತೀನಿ."

ಚಿಕ್ಕ ಪೆಟ್ಟಿಗೆ ಹಾಡಿತು. ಟವಲ್ಲು ಏಳಲಿಲ್ಲ. ದೊಡ್ಡದು ಬಾಯಿ ಬಿಟ್ಟಿತು. ಟವಲ್ಲು ಎದ್ದಿತು, ಮರದ ಕಾಗೆಗಳೂ ಎದ್ದವು, ಬಾಡಿಗೆಗೆ ನಿಂತಿದ್ದ ಜಟಕಾದ ಕುದುರೆ ಬಾಡಿಗೆಯಿಲ್ಲದೆಯೇ ಹೊರಟುಹೋಯಿತು. ಅಷ್ಟರಲ್ಲಿ ಅಂಗಡಿಯ ಮುಂದೆ ಜನ ನೆರೆದರು.

"ಇದ್ರ ಯಂತ್ರ ಸವೆದೈತೆ ಕಣೋ" ಎಂದು ಸೊಣ್ಣಪ್ಪ ಗೊಣಗಿದ.

"ಅದೇ ದುಡ್ಡಿಗೆ ಊರಿಗೆಲ್ಲ ಕೇಳೋದು ಸಿಗ್ತಿರುವಾಗ ಅತ್ತೆಗೆ ಪಿಸುಗುಟ್ಟೋದು ಕೊಡಿಸ್ತೀಯಾ?" ಎಂದು ಪಿಳ್ಳಣ್ಣ ನೆರೆದವರಿಗೆಲ್ಲ ಕೇಳುವ ಹಾಗೆ ಅಂದ. ಜನ ತಲೆಯಾಡಿಸಿದರು. ಹೆತ್ತಮ್ಮನಂಥ ಅತ್ತೆಗೆ ಹೀಗಾ ಮಾಡೋದು ಅಂತ ಒಬ್ಬಳು ಮುದುಕಿ ಕಣ್ಣೊರೆಸಿಕೊಂಡಳು. ಸೊಣ್ಣಪ್ಪ ತೆಪ್ಪಗೆ ದೊಡ್ಡದಕ್ಕೇ ದುಡ್ಡು ಎಣಿಸಿಕೊಟ್ಟ. ರಿಪೇರಿಗೆ ಬೇಕೆಂದರೆ ಇನ್ನು ಒಂದಾಣೆಯೂ ಉಳಿದಿರಲಿಲ್ಲ.

ಮನೆಯ ಜಗಲಿಯಲ್ಲಿ ಅಮ್ಮಯಮ್ಮ ಹೊಸ ಸೀರೆಯುಟ್ಟು ಕೂತಿದ್ದಳು. ಕೀ ಕೊಡುವ ಕೆಲಸವನ್ನೂ ಪಿಳ್ಳಣ್ಣನೇ ಕಿತ್ತುಕೊಂಡ. "ಜಾಸ್ತಿ ತಿರುವಿದಷ್ಟೂ ಜಾಸ್ತಿ ಹಾಡ್ತದೆ" ಎಂದು ಬಾವಿಯಿಂದ ನೀರು ಸೇದುವವನ ಹಾಗೆ ತಿರುವಿದ. ಒಳಗೆ ಖಟ್ಟೆಂದು ಸ್ಪ್ರಿಂಗು ಮುರಿಯಿತು.

"ದನಕ್ಕೆ ಹುಲ್ಲು ಹಾಕ್ಬೇಕಿತ್ತು, ಬರ್ತೀನಿ ಗುರು" ಎಂದು ಪಿಳ್ಳಣ್ಣ ಜಾಗ ಖಾಲಿ ಮಾಡಿದ. ಅವನಿಗೆ ದನವೇ ಇರಲಿಲ್ಲ.

ಸೊಣ್ಣಪ್ಪ ಕಹಳೆ ಬಿಚ್ಚಿಟ್ಟು ಪೆಟ್ಟಿಗೆಯೊಳಗೆ ಇಣುಕಿದ. ರಾಜಘಟ್ಟದ ಹೊಲ ಕೈಬಿಟ್ಟು ಹೋಗುತ್ತಿರುವುದು ಕಣ್ಣಿಗೆ ಕಟ್ಟಿದಂತಾಗಿ ಅವನಿಗೆ ಅಳು ಬರುವುದೊಂದು ಬಾಕಿ. ಇತ್ತ ಅಮ್ಮಯಮ್ಮ, ಹಾಡು ಕಹಳೆಯಲ್ಲೇ ಸಿಕ್ಕಿಕೊಂಡಿರಬೇಕೆಂದು ಅದರ ಸಣ್ಣ ತುದಿಯನ್ನು ಕಿವಿಗಿಟ್ಟುಕೊಂಡು ಕಾಯುತ್ತಿದ್ದಳು.

ಅದನ್ನು ಕಂಡು ಅವನ ಮೈಯೆಲ್ಲ ಉರಿಯಿತು. ಅಶ್ವತ್ಥಮ್ಮ ಒಳಗಿದ್ದಳು. ಎದುರು ನಿಂತು, ಕೈ ಮುಗಿದು, ನಕ್ಕು, ದಿನದ ಮಾತನ್ನೆಲ್ಲ ನಿಂಬೆಹಣ್ಣಿನ ಸಮೇತ ಕಹಳೆಯ ಬಾಯಿಗೇ ಒಪ್ಪಿಸಿದ.

ಅಮ್ಮಯಮ್ಮ ಹರಸಲಿಲ್ಲ. ಕಹಳೆಯನ್ನೊಮ್ಮೆ ತಿರುಗಿಸಿ ನೋಡಿ, ಮತ್ತೆ ಕಿವಿಗಿಟ್ಟುಕೊಂಡಳು.

"ದಿನಾ ನೀನು ಹೇಳ್ತಿದ್ದದ್ದು ಇದೇನಪ್ಪಾ?" ಎಂದು ಮೆಲ್ಲಗೆ ಕೇಳಿದಳು.

ಮುಗಿದ ಕೈ ಬಿಡಿಸುವುದೂ ಸೊಣ್ಣಪ್ಪನಿಗೆ ಮರೆತುಹೋಯಿತು. ಆಕೆ ಮಗಳನ್ನು ಕರೆದು ಎಲ್ಲವನ್ನೂ ಹೇಳಿದಳು. ಹೊಲದ ಮಾತು ಅಲ್ಲಿಗೇ ಮುಗಿಯಿತು. ಆ ಮಧ್ಯಾಹ್ನ ಅವನ ತಟ್ಟೆಗೆ ಬಿದ್ದ ಮುದ್ದೆ ನಿಜವಾಗಿಯೂ ನಿಂಬೆಹಣ್ಣಿನಷ್ಟೇ ಇತ್ತು.

ಜಗಲಿಯಲ್ಲಿ ಕೂತು ಅದನ್ನು ನುಂಗುತ್ತಿರುವಾಗ ಪಿಳ್ಳಣ್ಣ ಗೋಡೆಯಾಚೆಯಿಂದ ತಲೆಯೆತ್ತಿ, ಗುಟ್ಟಾಗಿ, "ಏನ್ ಗುರು, ಕೊನೆಗೂ ಅತ್ತೆಗೆ ಕೇಳಿಸ್ತಾ?" ಎಂದ.

ಸೊಣ್ಣಪ್ಪ ಬಾಯಿ ತೆರೆಯುವ ಮೊದಲೇ ಜಗಲಿಯ ಮೇಲಿದ್ದ ಕಹಳೆ ಗೋಡೆಯ ಕಡೆಗೆ ತಿರುಗಿತು.

"ಚೆನ್ನಾಗಿ ಕೇಳಿಸ್ತಪ್ಪ" ಎಂದಳು ಅಮ್ಮಯಮ್ಮ.