ಹಸಿವಿನ ಗುಂಡಿ

ಇಸ್ತ್ರಿಯಣ್ಣನ ಫೋನಿಗೆ ಹಸಿವು ಎಂಬುದೊಂದು ಲೋಕದಲ್ಲಿದೆ ಎಂದೇ ಗೊತ್ತಿರಲಿಲ್ಲ. ತುತ್ತು ಎತ್ತುವ ಮುನ್ನ ಅದು ಕೇಳುತ್ತಿತ್ತು: 'ಈಗ ಯಾಕೆ ತಿನ್ನುತ್ತಿದ್ದೀರಿ?' ಉತ್ತರಕ್ಕೆ ನಾಲ್ಕೇ ಗುಂಡಿ: ದುಃಖ, ಕೋಪ, ಬೇಸರ, ಸಂತೋಷ.

ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ, ಉಗಿ ಕಕ್ಕುವ ಇಸ್ತ್ರಿ ಯಂತ್ರದ ಮುಂದೆ ನಿಂತು ನಿಂತು ಅವನ ಮಂಡಿಗಳು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಮೇಲಿನ ಮಹಡಿಯಲ್ಲಿ ಹೊದಿಕೆ ಹಂಚುವ ಕಿಟಕಿಯ ಹಿಂದೆ ಒಂದು ಕುರ್ಚಿ ಖಾಲಿಯಿತ್ತು. ಅದನ್ನು ಕೇಳಿದ್ದಕ್ಕೆ ಆಸ್ಪತ್ರೆಯ ಆಡಳಿತಾಧಿಕಾರಿ ಮೇಡಂ, "ಮೊದಲು ತೂಕ ಇಳಿಸ್ರಿ. ತಿನ್ನೋದು ಹೊಟ್ಟೆ ಅಲ್ಲ, ಮನಸ್ಸು. ಈ ಆ್ಯಪ್ ನಿಮ್ಮ ಮನಸ್ಸನ್ನೇ ತಿದ್ದುತ್ತೆ," ಎಂದು ಫೋನಿಗೆ ಹಾಕಿಸಿದ್ದರು. ವರ್ಷವಿಡೀ ಅರೆಹೊಟ್ಟೆ ಉಂಡು ತೂಕವೇನೋ ಇಳಿಯಿತು, ಮಂಡಿಯ ನೋವು ಇಳಿಯಲಿಲ್ಲ. ಇವತ್ತು ಕೊನೆಯ ಪರೀಕ್ಷೆ. ಆ್ಯಪ್ ಕಳಿಸುವ ಇವತ್ತಿನ ಮನಸ್ಸಿನ ವರದಿ ನೋಡಿ ಸಂಜೆ ಕುರ್ಚಿಯ ತೀರ್ಮಾನ.

ಬೆಳಿಗ್ಗೆ ಮೇಲ್ವಿಚಾರಕ ತಿಂಡಿಯ ಬಿಡುವನ್ನು ಅರ್ಧಕ್ಕೆ ಕತ್ತರಿಸಿದ. ಡಬ್ಬಿ ಬಿಚ್ಚಿದ ಇಸ್ತ್ರಿಯಣ್ಣ ತಡೆಯಲಾರದೆ 'ಕೋಪ' ಒತ್ತಿದ. ಸೊಸೆಯ ತಪ್ಪು ಸಿಕ್ಕ ಅತ್ತೆಯಂತೆ ಫೋನು ಕೂಗಿಕೊಂಡಿತು: "ನಿಮಗೆ ಕೋಪ ಬಂದಿದೆ! ದೀರ್ಘವಾಗಿ ಉಸಿರೆಳೆದುಕೊಳ್ಳಿ!" ಎಳೆದ. ಒಳಗೆ ಹೋದದ್ದೆಲ್ಲ ಉಗಿ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು.

ಮೇಲ್ವಿಚಾರಕ ಓಡಿ ಬಂದ. "ಯಾರ ಮೇಲಯ್ಯಾ ಕೋಪ?"

"ಯಾರ ಮೇಲೂ ಇಲ್ಲ ಸಾರ್. ಹಸಿವು."

"ಅದಕ್ಕೆ ಗುಂಡಿ ಎಲ್ಲಿದೆ ತೋರ್ಸು? ಇಲ್ವಲ್ಲ! ಗುಂಡಿ ಇಲ್ಲ ಅಂದ್ಮೇಲೆ ಹಸಿವೂ ಇಲ್ಲ."

ಬಟ್ಟೆ ಮಡಿಸುವ ಅಕ್ಕ ಪಿಸುಗುಟ್ಟಿದಳು: "ಬಡವನ ಕೋಪ ದವಡೆಗೆ ಮೂಲ ಕಣೋ. ಸಂತೋಷ ಒತ್ತು, ಇಲ್ದಿದ್ರೆ ಕುರ್ಚಿ ಕೈತಪ್ಪೀತು!"

ಒತ್ತಿದ. ಫೋನು ಬಿಡಲಿಲ್ಲ. "ಸಂತೋಷ ಎಲ್ಲಿ ಸಿಗುತ್ತದೆ?"

"ಯಂತ್ರದ ಮುಂದೆ ಅನ್ನು," ಎಂದ ಬಟ್ಟೆ ಒಗೆಯುವ ಮಾವ. ಮೇಲ್ವಿಚಾರಕ ದಿಟ್ಟಿಸುತ್ತಿದ್ದ. ಇಸ್ತ್ರಿಯಣ್ಣ ಹಾಗೇ ಅಂದ.

"ಕುಳಿತಾಗಲೋ, ನಿಂತಾಗಲೋ?" ಫೋನು ಮತ್ತೆ ಕೇಳಿತು.

"ನಿಂ... ನಿಂತಾಗ."

ಅಲ್ಲಿಂದ ಮುಂದೆ ಅವನ ಬಾಳೆಲ್ಲ ಸಂತೋಷವಾಯಿತು. ಬೆರಳು ಸುಟ್ಟಿತು: ಸಂತೋಷ. ಅರ್ಧ ಊಟಕ್ಕೇ ಗಂಟೆ ಹೊಡೆಯಿತು: ಸಂತೋಷ. ಫೋನಿನ ಕ್ಯಾಮೆರಾಕ್ಕೆಂದು ಹಲ್ಲು ಕಿರಿದು ಕಿರಿದು ಅವನ ದವಡೆ ಹಿಡಿದುಕೊಂಡಿತು. ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಮಾತಾಡಿಸಿದ ಹೆಂಡತಿಯೇ ಗಾಬರಿಯಾದಳು. "ರೀ, ಯಾಕ್ರೀ ಹೀಗ್ ನಗ್ತಿದೀರಾ? ಕೆಲಸ ಹೋಯ್ತಾ?"

ಸಂಜೆ ಮೇಡಂ ಕರೆಸಿದರು. ಮೆಟ್ಟಿಲಿಗೊಂದು ನರಳಾಟ ಇಟ್ಟು ಅವನು ಹತ್ತಿ ಹೋದ.

"ಭೇಷ್! ತೂಕ ಇಳಿದಿದೆ, ಮನಸ್ಸು ಅರಳಿದೆ. ಇಷ್ಟು ಒಳ್ಳೆ ವರದಿ ಯಾರದೂ ಬಂದಿಲ್ಲ ಕಣ್ರೀ."

"ಹಾಗಾದ್ರೆ ಕುರ್ಚಿ, ಮೇಡಂ?"

"ಅಯ್ಯೋ, ಅದು ಹ್ಯಾಗ್ರೀ ಆಗುತ್ತೆ? ನಿಮ್ಮ ಸಂತೋಷವೆಲ್ಲ ಯಂತ್ರದ ಮುಂದೆ, ಅದೂ ನಿಂತಾಗ ಅಂತ ನೀವೇ ಹೇಳಿದೀರಿ. ಕೂರಿಸಿಬಿಟ್ರೆ ದುಃಖಕ್ಕೆ ಮತ್ತೆ ತಿಂದು ದಪ್ಪ ಆಗ್ತೀರಿ. ಆ ಪಾಪ ನಮಗ್ಯಾಕೆ? ನಾಳೆಯಿಂದ ಪಕ್ಕದ ಯಂತ್ರವೂ ನಿಮಗೇ!"

ಮೇಡಂ ಎದುರು ಎರಡು ಕುರ್ಚಿ ಖಾಲಿಯಿದ್ದವು. ಅವರು ಕೂತ್ಕೊಳ್ಳಿ ಅನ್ನಲಿಲ್ಲ. ಅವನ ಸಂತೋಷ ಕೆಡಬಾರದಲ್ಲ.